14,000 ರೂಪಾಯಿಯ ಡಿಜಿಟಲ್ ವೈರ್ ಹಾಕಿದರೆ ಸದ್ದು ಸುಧಾರಿಸುತ್ತದಾ?

ಓದುಗರ ಪ್ರಶ್ನೆ:

"ನಾನು ಸೇಡಂನಲ್ಲಿರುವ ನಿವೃತ್ತ ಶಿಕ್ಷಕ. ಹೋದ ವರ್ಷ ಮನೆ ಕಟ್ಟಿಸಿದೆವು. ಹಾಲ್‌ನಲ್ಲಿ 55 ಇಂಚಿನ ಟಿವಿ, ಅದರ ಅಕ್ಕಪಕ್ಕ ಎರಡು ದೊಡ್ಡ ಸ್ಪೀಕರ್, ಪಕ್ಕದ ಗೋಡೆಯ ಕಪಾಟಿನಲ್ಲಿ ಆ ಸ್ಪೀಕರ್ ನುಡಿಸುವ ರಿಸೀವರ್ (ಆಂಪ್ಲಿಫೈಯರ್ ಡಬ್ಬಿ) ಇಟ್ಟಿದ್ದೇನೆ. ನೆಲಕ್ಕೆ ಶಹಾಬಾದ್ ಕಲ್ಲು ಹಾಕಿ ಪಾಲಿಶ್ ಮಾಡಿಸಿದ್ದೇವೆ. ಟಿವಿಯಿಂದ ರಿಸೀವರ್‌ಗೆ ಗೋಡೆಯೊಳಗಿನ ಪೈಪಿನಲ್ಲಿ 10 ಮೀಟರ್ ಆಪ್ಟಿಕಲ್ ವೈರ್ ಎಳೆಸಿದ್ದೇನೆ. ಟಿವಿ ಆಫ್ ಮಾಡಿ ಭಜನೆ ಕೇಳಲಿಕ್ಕೆಂದು ಡಿಶ್‌ನ ಸೆಟ್ ಟಾಪ್ ಬಾಕ್ಸಿನಿಂದಲೂ ರಿಸೀವರ್‌ಗೆ ಒಂದು ಕೆಂಪು-ಬಿಳಿ ವೈರ್ ಇದೆ. ತೊಂದರೆ ಮೂರು. ಆಗಾಗ ರಿಸೀವರ್ 'ಟಕ್' ಎಂದು ಒಂದು ಸೆಕೆಂಡು ಸದ್ದು ನಿಂತು ಮತ್ತೆ ಬರುತ್ತದೆ. ಹಾಡು ನಿಂತಾಗ ಸ್ಪೀಕರಿನಲ್ಲಿ ಸಣ್ಣಗೆ 'ಗುಂಯ್' ಅನ್ನುತ್ತಿರುತ್ತದೆ. ಸದ್ದು ಕಿವಿಗೆ ಚುಚ್ಚುತ್ತದೆ, ಸಿನಿಮಾದಲ್ಲಿ ಮಾತು ಸ್ಪಷ್ಟ ಇಲ್ಲ. ಹೈದರಾಬಾದಿನ ಒಂದು ಅಂಗಡಿಯವರು ಇದೆಲ್ಲ ಅಗ್ಗದ ವೈರ್‌ನಿಂದ ಎಂದು 14,000 ರೂಪಾಯಿಯ ಆಪ್ಟಿಕಲ್ ವೈರ್ ತೋರಿಸಿದರು. ಅಲ್ಲೇ ಹಾಕಿ ಕೇಳಿಸಿದರು, ನನಗೂ ಚೆನ್ನಾಗಿದೆ ಅನ್ನಿಸಿತು. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ಮಗ, 'ಡಿಜಿಟಲ್ ಅಂದ್ರೆ ಸೊನ್ನೆ-ಒಂದು ಅಷ್ಟೇ, ಯಾವ ವೈರ್ ಆದರೂ ಒಂದೇ' ಅನ್ನುತ್ತಾನೆ. ಯಾರ ಮಾತು ಕೇಳಲಿ? ಆ ವೈರ್ ಮೇಲೆ ಒಂದು ಬಾಣದ ಗುರುತೂ ಇತ್ತು. ಅದು ಯಾಕೆ?"

ಉತ್ತರ:

ನಮಸ್ಕಾರ ಮಾಸ್ತರ್ರೇ. ಆ 14,000 ಸದ್ಯಕ್ಕೆ ಜೇಬಿನಲ್ಲೇ ಇರಲಿ. ನೀವು ಬರೆದ ಮೂರು ತೊಂದರೆಗಳಲ್ಲಿ ಒಂದು ಮಾತ್ರ ಡಿಜಿಟಲ್ ವೈರ್‌ಗೆ ಸೇರಿದ್ದು, ಅದೂ ಕೆಲವು ನೂರು ರೂಪಾಯಿಯಲ್ಲಿ ಬಗೆಹರಿಯುವಂಥದ್ದು. ಉಳಿದ ಎರಡಕ್ಕೆ ಎಂಥ ವೈರ್ ತಂದು ಹಾಕಿದರೂ ಅಷ್ಟೇ. ಹಾಗಂತ ನಿಮ್ಮ ಮಗನ ಮಾತೂ ಪೂರ್ತಿ ಸರಿ ಅಲ್ಲ. ಅದಕ್ಕೂ ಬರುತ್ತೇನೆ.

ಕಲಬುರಗಿಯಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುತ್ತಾ, ಮನೆಮನೆಗೆ ಹೋಗಿ ಸಿಸ್ಟಮ್ ಕೂರಿಸುತ್ತಾ ಬಂದವನು ನಾನು. "ಸೌಂಡ್ ಸರಿ ಇಲ್ರಿ" ಅಂತ ಬರುವವರು ಹೆಚ್ಚಾಗಿ ಮೂರ್ನಾಲ್ಕು ಬೇರೆ ಬೇರೆ ತೊಂದರೆಗಳನ್ನು ಒಂದೇ ಗಂಟು ಕಟ್ಟಿ ತರುತ್ತಾರೆ. ಅಂಗಡಿಯವರಿಗೆ ಅದು ಅನುಕೂಲ, ಇಡೀ ಗಂಟಿಗೆ ಒಂದೇ ಔಷಧಿ ಮಾರಬಹುದು. ನಿಮ್ಮದನ್ನು ಬಿಡಿಸಿ ನೋಡೋಣ.

ಮೊದಲು ಆ ವೈರಿನಲ್ಲಿ ಹೋಗುವುದು ಏನು ಅಂತ ತಿಳಿದರೆ ಮುಂದಿನದು ಸುಲಭ. ಹಳೆ ಕೆಂಪು-ಬಿಳಿ ವೈರ್‌ನಲ್ಲಿ ಹೋಗುವುದು ಸದ್ದಿನದೇ ವಿದ್ಯುತ್ ರೂಪ. ದಾರಿಯಲ್ಲಿ ಅದಕ್ಕೆ ಏನು ಅಂಟಿಕೊಂಡರೂ ಅದೂ ಸ್ಪೀಕರಿಗೆ ಬರುತ್ತದೆ. ಡಿಜಿಟಲ್ ವೈರ್‌ನಲ್ಲಿ ಹೋಗುವುದು ಸಂಖ್ಯೆಗಳು. 1982ರಲ್ಲಿ ಬಂದ ಸಿಡಿಯಲ್ಲಿ ಒಂದು ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳ (ಬಿಟ್ ಅಂದರೆ ಒಂದು ಸೊನ್ನೆ ಅಥವಾ ಒಂದು) ಸಂಖ್ಯೆಯಾಗಿ ಬರೆದಿರುತ್ತಾರೆ. ಎಡ-ಬಲ ಎರಡೂ ಸೇರಿ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್. ಟಿವಿಯಲ್ಲಿ ಸಾಮಾನ್ಯವಾಗಿ 48,000 ಸಲ. ಫೋನಿನಲ್ಲಿ ನಿಮಗೆ ಯಾರೋ ಒಂದು ಮೊಬೈಲ್ ನಂಬರ್ ಹೇಳುತ್ತಾರೆ ಅಂದುಕೊಳ್ಳಿ. ಹೇಳಿದವರ ದನಿ ಇಂಪಾಗಿರಲಿ, ಒಡೆದಿರಲಿ, ನೀವು ಬರೆದುಕೊಳ್ಳುವ ಹತ್ತು ಅಂಕಿ ಅವೇ. ಲೈನ್ ಪೂರ್ತಿ ಕೆಟ್ಟು ಅಂಕಿಯೇ ಕೇಳಿಸದಿದ್ದರೆ ಮಾತ್ರ ನಂಬರ್ ತಪ್ಪುತ್ತದೆ. ಡಿಜಿಟಲ್ ವೈರ್ ಕೆಲಸವೂ ಇಷ್ಟೇ. ಅಂಕಿ ಮುಟ್ಟಿದರೆ ಮುಟ್ಟಿತು, ಇಲ್ಲದಿದ್ದರೆ ಇಲ್ಲ. "ತಂಬೂರಿ ಇನ್ನೂ ಬೆಚ್ಚಗೆ ಕೇಳುತ್ತದೆ", "ತಬಲಾ ಬಿಗಿಯಾಯಿತು" ಅನ್ನುವಂಥ ಬದಲಾವಣೆ ಮಾಡಲು ವೈರ್‌ಗೆ ದಾರಿಯೇ ಇಲ್ಲ. ಬೆಚ್ಚಗೆ ಕೇಳಬೇಕೆಂದರೆ ಲಕ್ಷಾಂತರ ಸಂಖ್ಯೆಗಳನ್ನು ಲೆಕ್ಕ ಹಾಕಿ, ಕ್ರಮಬದ್ಧವಾಗಿ ಬದಲಿಸಬೇಕು. ಪ್ಲಾಸ್ಟಿಕ್ ದಾರಕ್ಕೆ ಆ ಬುದ್ಧಿ ಎಲ್ಲಿಂದ ಬರಬೇಕು?

ಹಾಗಾದರೆ ಅಂಕಿ ಮುಟ್ಟದಿದ್ದಾಗ ಏನಾಗುತ್ತದೆ? ಅದೇ ನಿಮ್ಮ ಮೊದಲನೇ ತೊಂದರೆ. ಆಪ್ಟಿಕಲ್‌ನಲ್ಲಿ ತಪ್ಪಿದ ಅಂಕಿಯನ್ನು "ಮತ್ತೊಮ್ಮೆ ಕಳಿಸು" ಎಂದು ಕೇಳುವ ವ್ಯವಸ್ಥೆ ಇಲ್ಲ. ತಪ್ಪಾಗಿದೆ ಅಂತ ಗೊತ್ತಾದರೆ ರಿಸೀವರ್ ಹಿಂದಿನ ಅಂಕಿಯನ್ನೇ ಮತ್ತೆ ಹಾಕುತ್ತದೆ, ಇಲ್ಲವೇ ಬಾಯಿ ಮುಚ್ಚಿಕೊಳ್ಳುತ್ತದೆ. ಸಿಗ್ನಲ್ ಹಿಡಿತವೇ ತಪ್ಪಿದರೆ ಒಳಗಿನ ರಿಲೇ ಅನ್ನುವ ಸ್ವಿಚ್ "ಟಕ್" ಅಂದು ಸದ್ದು ಕಟ್ ಆಗಿ, ಹಿಡಿತ ಸಿಕ್ಕ ಮೇಲೆ ಮತ್ತೆ ಬರುತ್ತದೆ. ಡಿಜಿಟಲ್ ವೈರ್ ಕೆಟ್ಟಿದೆ ಅನ್ನುವುದರ ಲಕ್ಷಣ ಹೀಗಿರುತ್ತದೆ: ಕಟ್ ಆಗುವುದು, ಟಿಕ್-ಟಿಕ್ ಅನ್ನುವುದು, ಪೂರ್ತಿ ಸುಮ್ಮನಾಗುವುದು. ಚಿತ್ರ-ಸದ್ದು ಎರಡನ್ನೂ ಒಯ್ಯುವ ಎಚ್‌ಡಿಎಂಐ ವೈರ್ ಆದರೆ ಪರದೆ ಮೇಲೆ ಬಿಳಿ ಚುಕ್ಕೆ ಮಿಂಚುತ್ತವೆ, ಇಲ್ಲಾ ಚಿತ್ರವೇ ಹೋಗುತ್ತದೆ. ಮಂದ, ಚೂಪು, ಸಪ್ಪೆ — ಇವು ಅದರ ಲಕ್ಷಣಗಳಲ್ಲ.

ನಿಮ್ಮದು ಯಾಕೆ ಕಟ್ ಆಗುತ್ತಿದೆ ಅಂತ ದೂರದಿಂದಲೇ ಮುಕ್ಕಾಲು ಹೇಳಬಹುದು. ಟಾಸ್‌ಲಿಂಕ್ ಅನ್ನುವ ಈ ಆಪ್ಟಿಕಲ್ ಜೋಡಣೆಯನ್ನು ತೋಶಿಬಾ ಕಂಪನಿ 1983ರಲ್ಲಿ ತಂದಿತು. ಸಿಡಿ ಪ್ಲೇಯರ್‌ನಿಂದ ಪಕ್ಕದ ರಿಸೀವರ್‌ಗೆ ಹಾಕಲಿಕ್ಕೆ ಅಂತ. ಒಳಗೆ ಇರುವುದು ಸುಮಾರು 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಎಳೆ, ಅದರಲ್ಲಿ ಕೆಂಪು ಬೆಳಕು ಹೋಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಬೆಳಕು ದೂರ ಹೋದಷ್ಟೂ ಸೊರಗುತ್ತದೆ. 5 ಮೀಟರ್ ಒಳಗೆ ಸಾಮಾನ್ಯವಾಗಿ ಚಿಂತೆ ಇಲ್ಲ. 10 ಮೀಟರ್ ಅಂದರೆ ಅಂಚಿನ ಮೇಲೆ ನಿಂತ ಹಾಗೆ. ಅದರ ಮೇಲೆ ನಿಮ್ಮ ವೈರ್ ಗೋಡೆ ಪೈಪಿನಲ್ಲಿದೆ. ಎಲೆಕ್ಟ್ರಿಷಿಯನ್‌ಗಳು ಕರೆಂಟ್ ವೈರ್ ಎಳೆದ ಹಾಗೆಯೇ ಇದನ್ನೂ ಜಗ್ಗಿ ಎಳೆಯುತ್ತಾರೆ. ಪೈಪ್ ಕಟ್ಟಾಗಿ ತಿರುಗುವ ಮೂಲೆಯಲ್ಲಿ ಎಳೆ ಮಡಿಚಿಕೊಂಡರೆ ಬೆಳಕು ಅಲ್ಲೇ ಸೋರಿಹೋಗುತ್ತದೆ.

ನೋಡುವುದು ಹೀಗೆ. ಟಿವಿ ಆನ್ ಇಟ್ಟು, ರಿಸೀವರ್ ಕಡೆಯ ತುದಿ ಬಿಚ್ಚಿ, ಅಂಗೈಗೆ ಹಿಡಿಯಿರಿ, ಲೈಟ್ ಆರಿಸಿರಿ. ಕೆಂಪು ಚುಕ್ಕೆ ಚೆನ್ನಾಗಿ ಕಾಣಬೇಕು. ಆಮೇಲೆ ಟಿವಿ ಹಿಂದಿನ ಕಿಂಡಿಯಲ್ಲೇ ಕಾಣುವ ಬೆಳಕಿನ ಜೊತೆ ಹೋಲಿಸಿ. ತೀರಾ ಮಂಕಾಗಿದ್ದರೆ ದಾರಿಯಲ್ಲೇ ತೊಂದರೆ. ಹಾಗೆಯೇ ತುದಿಯಲ್ಲಿ ದೂಳು ಇದೆಯಾ ನೋಡಿ, ಒಣ ಮೆತ್ತನೆ ಬಟ್ಟೆಯಿಂದ ಒರೆಸಿ. ಇನ್ನೊಂದು, ನಗಬೇಡಿ: ಹೊಸ ವೈರ್‌ನ ಎರಡೂ ತುದಿಗೆ ಕಣ್ಣಿಗೆ ಕಾಣದಷ್ಟು ತಿಳಿ ಪ್ಲಾಸ್ಟಿಕ್ ಟೋಪಿ ಇರುತ್ತದೆ. ಅದನ್ನು ತೆಗೆಯದೆ ಹಾಗೇ ಒತ್ತಿ ಹಾಕಿದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪ್ಲಗ್ ಪೂರ್ತಿ ಕೂರುವುದಿಲ್ಲ, ಫ್ಯಾನ್ ಗಾಳಿಗೆ ಅಲುಗಿದರೂ ಕಟ್ ಆಗುತ್ತದೆ.

ಪರಿಹಾರಕ್ಕೆ ನಿಮಗೆ ಮೂರು ದಾರಿ ಇವೆ. ಎಲ್ಲಕ್ಕಿಂತ ಅಗ್ಗದ್ದು, ರಿಸೀವರನ್ನು ಕಪಾಟಿನಿಂದ ತೆಗೆದು ಟಿವಿ ಕೆಳಗೆ ಇಡುವುದು. ಆಗ ಒಂದೂವರೆ-ಎರಡು ಮೀಟರ್ ವೈರ್ ಸಾಕು, ಇನ್ನೂರು-ಮುನ್ನೂರು ರೂಪಾಯಿಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲೇ ಸಿಗುತ್ತದೆ. ನಾನಾಗಿದ್ದರೆ ಇದನ್ನೇ ಮಾಡುತ್ತಿದ್ದೆ. ಮುಂದೆ ಹೇಳುವ ಸ್ಪೀಕರ್ ವೈರ್ ಲೆಕ್ಕಕ್ಕೂ ಇದೇ ಒಳ್ಳೆಯದು. ಎರಡನೇ ದಾರಿ ಎಚ್‌ಡಿಎಂಐ ಎಆರ್‌ಸಿ. ನಿಮ್ಮ ಟಿವಿ, ರಿಸೀವರ್ ಎರಡರ ಎಚ್‌ಡಿಎಂಐ ಕಿಂಡಿ ಪಕ್ಕದಲ್ಲೂ ಎಆರ್‌ಸಿ (ARC) ಅಂತ ಬರೆದಿದ್ದರೆ ಒಂದೇ ವೈರ್‌ನಲ್ಲಿ ಸದ್ದು ವಾಪಸ್ ಬರುತ್ತದೆ, ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್ ಆಡಿಸಬಹುದು. ಇದರ ಕಿರಿಕಿರಿ ಅಂದರೆ ಒಮ್ಮೊಮ್ಮೆ ಟಿವಿ, ರಿಸೀವರ್ ಒಂದಕ್ಕೊಂದು ಗುರುತು ಹಿಡಿಯದೆ ಸದ್ದೇ ಬರುವುದಿಲ್ಲ, ಎರಡನ್ನೂ ಆಫ್ ಮಾಡಿ ಆನ್ ಮಾಡಬೇಕಾಗುತ್ತದೆ. ಅಲ್ಲದೆ ಎಚ್‌ಡಿಎಂಐನ ದಪ್ಪ ತಲೆ ಬಾಗಿದ ಸಣ್ಣ ಪೈಪಿನಲ್ಲಿ ತೂರುವುದೂ ಕಷ್ಟ. ಮೂರನೇ ದಾರಿ, ಒಳ್ಳೆ ಗುಣಮಟ್ಟದ ಇನ್ನೊಂದು 10 ಮೀಟರ್ ಆಪ್ಟಿಕಲ್ ಹೊಸದಾಗಿ, ಜಗ್ಗದೆ ಎಳೆಸುವುದು. ಆ ಅಂಗಡಿಯ ವೈರ್ ಹಾಕಿದರೂ ಕಟ್ ಆಗುವುದು ನಿಲ್ಲಬಹುದು, ಸುಳ್ಳು ಹೇಳಲಾರೆ. ಆದರೆ ಸಾವಿರದ ಆಸುಪಾಸಿನ ವೈರ್ ಮಾಡದೇ ಇರುವುದನ್ನು ಅದು ಮಾಡುವುದಿಲ್ಲ. ಮತ್ತೆ ಅದೇ ಮೂಲೆಯಲ್ಲಿ ಮಡಿಚಿದರೆ ಅದೂ ಕೆಡುತ್ತದೆ.

ಅಂದಹಾಗೆ ಆಪ್ಟಿಕಲ್ ಪ್ಲಗ್‌ಗೆ ಚಿನ್ನದ ಲೇಪನ ಇದೆ ಅಂತಲೂ ಮಾರುತ್ತಾರೆ. ತಾಮ್ರದ ವೈರ್ ಪ್ಲಗ್‌ಗೆ ಚಿನ್ನ ಹಾಕುವುದರಲ್ಲಿ ಅರ್ಥ ಇದೆ, ತುಕ್ಕು ಹಿಡಿಯಲ್ಲ. ಬೆಳಕು ಹೋಗುವ ಪ್ಲಗ್‌ಗೆ ಚಿನ್ನ ಯಾಕೆ ಸ್ವಾಮಿ?

ಈಗ ಮಗನ ಮಾತು. "ಸೊನ್ನೆ-ಒಂದು ಅಷ್ಟೇ" ಅನ್ನುವುದು ಫೈಲ್ ಕಾಪಿ ಮಾಡುವಾಗ ಪೂರ್ತಿ ನಿಜ. ವೈಫೈಯಲ್ಲಿ ಹಾಡು ಬರುವಾಗಲೂ ನಿಜ, ಅಲ್ಲಿ ತಪ್ಪಿದ ಅಂಕಿ ಮತ್ತೆ ಬರುತ್ತದೆ, ರಿಸೀವರ್ ಮೊದಲೇ ಸ್ವಲ್ಪ ಕೂಡಿಟ್ಟುಕೊಂಡಿರುತ್ತದೆ. ಆದರೆ ಆಪ್ಟಿಕಲ್, ಕೋಆಕ್ಸಿಯಲ್ (ತಾಮ್ರದ ಡಿಜಿಟಲ್ ವೈರ್) ಎರಡರಲ್ಲೂ ಅಂಕಿ ಜೊತೆಗೆ ಸಮಯವೂ ಹೋಗುತ್ತದೆ. ಯಾವ ಅಂಕಿಯನ್ನು ಯಾವ ಕ್ಷಣಕ್ಕೆ ನುಡಿಸಬೇಕು ಅನ್ನುವ ಗಡಿಯಾರವನ್ನು ರಿಸೀವರ್ ಆ ಸಿಗ್ನಲ್‌ನಿಂದಲೇ ಎತ್ತಿಕೊಳ್ಳಬೇಕು. ಕೆಟ್ಟ ವೈರ್‌ನಲ್ಲಿ ಆ ಗಡಿಯಾರ ಚೂರು ನಡುಗುತ್ತದೆ, ಇದನ್ನು ಜಿಟ್ಟರ್ ಅನ್ನುತ್ತಾರೆ. ದುಬಾರಿ ವೈರ್ ಮಾರುವವರೆಲ್ಲ ಈ ಪದ ಹಿಡಿದುಕೊಂಡೇ ಮಾರುವುದು. ಜಿಟ್ಟರ್ ಇರುವುದು ಸುಳ್ಳಲ್ಲ, ಅಳೆಯಬಹುದು. ಆದರೆ ಈ ನಡುಕದ ಅಳತೆ ನ್ಯಾನೊಸೆಕೆಂಡ್‌ಗಳಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ. ಈಗಿನ ರಿಸೀವರ್‌ಗಳಲ್ಲಿ ಅದನ್ನು ಸೋಸುವ ಸರ್ಕ್ಯೂಟ್ ಇದ್ದೇ ಇರುತ್ತದೆ. ಇದಕ್ಕಿಂತ ಲಕ್ಷಪಟ್ಟು ದೊಡ್ಡ ಸಮಯದ ಎಡವಟ್ಟು ನಿಮ್ಮ ಹಾಲ್‌ನಲ್ಲೇ ಇದೆ, ಸ್ವಲ್ಪ ತಾಳಿ.

ತಾಮ್ರದ ಡಿಜಿಟಲ್ ವೈರ್‌ನಲ್ಲಿ ಇನ್ನೊಂದು ವಿಷಯ ಇದೆ. ಅಂಕಿ ಸರಿಯಾಗೇ ಹೋದರೂ ಆ ವೈರ್‌ನ ಮೇಲ್ಕವಚದ ಮೂಲಕ ಒಂದು ಡಬ್ಬಿಯ ಕರೆಂಟಿನ ಕೊಳಕು ಇನ್ನೊಂದಕ್ಕೆ ದಾಟಬಹುದು. ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿಯಲ್ಲಿ ಹಾಡು ಹಾಕುವವರಿಗೆ ಇದು ಗೊತ್ತಿರುತ್ತದೆ. ಚಾರ್ಜರ್ ಹಾಕಿದಾಗ "ಕುಂಯ್", ಚಾರ್ಜರ್ ಕಿತ್ತರೆ ಮಾಯ. ಇದು ವೈರ್‌ನ ಗುಣಮಟ್ಟದ ಪ್ರಶ್ನೆ ಅಲ್ಲ, ಎರಡು ಯಂತ್ರದ ನಡುವೆ ಕರೆಂಟಿನ ದಾರಿ ಇದೆಯಾ ಅನ್ನುವ ಪ್ರಶ್ನೆ. ಆಪ್ಟಿಕಲ್‌ನಲ್ಲಿ ಆ ದಾರಿಯೇ ಇಲ್ಲ, ಅದೇ ಅದರ ನಿಜವಾದ ಗುಣ.

ನಿಮ್ಮ "ಗುಂಯ್" ಬರುತ್ತಿರುವುದೂ ಇಂಥದೇ ದಾರಿಯಿಂದ ಅಂತ ನನಗೆ ಅನುಮಾನ, ಆದರೆ ಅಪರಾಧಿ ಆಪ್ಟಿಕಲ್ ಅಲ್ಲ, ಕೆಂಪು-ಬಿಳಿ ವೈರ್. ಮಾಳಿಗೆ ಮೇಲಿನ ಡಿಶ್‌ನಿಂದ ಬರುವ ವೈರ್‌ನ ಹೊರ ಜಾಲರಿ ಸೆಟ್ ಟಾಪ್ ಬಾಕ್ಸಿಗೆ ತಾಗುತ್ತದೆ, ಅಲ್ಲಿಂದ ಕೆಂಪು-ಬಿಳಿ ವೈರ್ ಹಿಡಿದು ರಿಸೀವರ್‌ಗೆ, ಅಲ್ಲಿಂದ ಮನೆಯ ಅರ್ಥಿಂಗ್‌ಗೆ. ಡಿಶ್‌ನ ಕಂಬ ಒಂದು ಕಡೆ ನೆಲ ಮುಟ್ಟಿದೆ, ಮನೆ ಅರ್ಥಿಂಗ್ ಇನ್ನೊಂದು ಕಡೆ. ಎರಡರ ನಡುವೆ ಒಂದಿಷ್ಟು ವೋಲ್ಟೇಜ್ ವ್ಯತ್ಯಾಸ ಇದ್ದರೆ ಸಾಕು, 50 ಹರ್ಟ್ಜ್‌ನ ಕರೆಂಟು ಸುತ್ತು ಹೊಡೆಯುತ್ತದೆ. ನಮ್ಮ ಕಡೆ ಇದು ಜಾಸ್ತಿ. ಸೇಡಂ ಕಡೆ ಸ್ವಲ್ಪ ಅಗೆದರೆ ಕಲ್ಲು, ಇತ್ತ ಎರೆ ಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಅರ್ಥಿಂಗ್ ಗುಂಡಿಗೆ ಇದ್ದಿಲು-ಉಪ್ಪು ಹಾಕಿ ಮುಚ್ಚಿದ ಮೇಲೆ ಯಾರೂ ನೀರು ಹಾಕುವುದಿಲ್ಲ. ಏಪ್ರಿಲ್-ಮೇ ಹೊತ್ತಿಗೆ ಅದು ಹೆಸರಿಗೆ ಮಾತ್ರ ಅರ್ಥಿಂಗ್. "ಮಳೆಗಾಲದಲ್ಲಿ ಸರಿ ಇತ್ತು, ಬೇಸಿಗೆಯಲ್ಲಿ ಗುಂಯ್" ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ಗುಂಡಿಯ ಬಗ್ಗೆಯೇ.

ಪರೀಕ್ಷೆ ಸುಲಭ. ಎಲ್ಲ ಆಫ್ ಮಾಡಿ, ಕೆಂಪು-ಬಿಳಿ ವೈರನ್ನು ರಿಸೀವರ್ ಹಿಂದಿನಿಂದ ಕಿತ್ತು, ಮತ್ತೆ ಆನ್ ಮಾಡಿ. ಗುಂಯ್ ನಿಂತಿತಾ? ಹಾಗಾದರೆ ಅದನ್ನು ಹಾಕಲೇಬೇಡಿ. ಸೆಟ್ ಟಾಪ್ ಬಾಕ್ಸಿನ ಸದ್ದು ಟಿವಿಗೆ ಹೋಗಿ ಆಪ್ಟಿಕಲ್‌ನಲ್ಲಿ ಬರುತ್ತದೆ. ಭಜನೆಗೆ ಟಿವಿ ಆನ್ ಇರಬೇಕಾಗುತ್ತದೆ, ಆದರೆ ಹಲವು ಟಿವಿಗಳಲ್ಲಿ ಪರದೆ ಮಾತ್ರ ಆರಿಸಿ ಸದ್ದು ಇಟ್ಟುಕೊಳ್ಳುವ ಆಯ್ಕೆ ಸೆಟ್ಟಿಂಗ್‌ನಲ್ಲಿ ಇರುತ್ತದೆ. ಕೇಬಲ್ ಟಿವಿಯವರಿಗೆ ಈ ಕರೆಂಟಿನ ದಾರಿ ಕತ್ತರಿಸುವ ಐಸೊಲೇಟರ್ ಅಂತ ಒಂದು ಸಣ್ಣ ತುಂಡು ಸಿಗುತ್ತದೆ, ಯಾರಾದರೂ ನಿಮಗೂ ಅದನ್ನೇ ಹೇಳಿಯಾರು. ಡಿಶ್‌ಗೆ ಅದು ಆಗುವುದಿಲ್ಲ. ಡಿಶ್ ಮೇಲಿನ, ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಡಬ್ಬಿಗೆ ಕರೆಂಟು ಅದೇ ವೈರ್‌ನಲ್ಲಿ ಹೋಗಬೇಕು, ಐಸೊಲೇಟರ್ ಅದನ್ನು ತಡೆದು ಚಾನೆಲ್ಲೇ ಹೋಗುತ್ತವೆ.

ಕಿತ್ತರೂ ಗುಂಯ್ ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಸಿ. ಎರಡು-ಮೂರು ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ನೋಡಿಸುವುದು ಒಳ್ಳೆಯದು, ಸೌಂಡ್ ಸಿಸ್ಟಮ್‌ಗೆ ಅಂತ ಅಲ್ಲ, ಮನೆಯವರ ಜೀವಕ್ಕೆ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ಇದ್ದಾಗ ಮಾತ್ರ "ಗರ್" ಅಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಮಹಿಮೆ, ಸೈನ್ ವೇವ್ ಇನ್ವರ್ಟರ್ ಬಿಟ್ಟು ಬೇರೆ ಮದ್ದಿಲ್ಲ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗುಂಯ್ ಹೋಗಲಿ ಅಂತ ಆಂಪ್ಲಿಫೈಯರ್ ಪ್ಲಗ್‌ನ ಮೂರನೇ ಪಿನ್ ಮುರಿದು ಹಾಕುವವರು ಇದ್ದಾರೆ. ಗುಂಯ್ ಹೋಗುತ್ತದೆ, ನಿಜ. ಒಳಗೆ ಏನಾದರೂ ಶಾರ್ಟ್ ಆದ ದಿನ ಅದರ ಕಬ್ಬಿಣದ ಮೈ ಮುಟ್ಟಿದವರೂ ಹೋಗುತ್ತಾರೆ. ಯಾರು ಹೇಳಿದರೂ ಮಾಡಬೇಡಿ.

ಇನ್ನು ಚುಚ್ಚುವ ಸದ್ದು. ನೀವು ಪತ್ರದಲ್ಲಿ ಹಾಗೇ ಸುಮ್ನೆ ಬರೆದ ಒಂದು ಸಾಲು, ಪಾಲಿಶ್ ಮಾಡಿದ ಶಹಾಬಾದ್ ಕಲ್ಲು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಹೊಸ ಮನೆ, ಮೇಲೆ ಆರ್‌ಸಿಸಿ ಸ್ಲ್ಯಾಬ್, ನುಣುಪಾದ ಗೋಡೆ, ಗಾಜಿನ ಕಿಟಕಿ, ಕೆಳಗೆ ಫರ್ಸಿ ಕಲ್ಲು. ಹಾಲ್ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. "ಟರ್‌ರ್" ಅಂತ ಬಾಲ ಬಂದರೆ ಅದೇ ನಿಮ್ಮ ಚುಚ್ಚುವಿಕೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸ್ಪೀಕರಿನಿಂದ ನೇರವಾಗಿ ಬಂದ ಸದ್ದಿನ ಹಿಂದೆಯೇ ನೆಲಕ್ಕೆ, ಗೋಡೆಗೆ ಬಡಿದು ಎರಡು ಮೀಟರ್ ಜಾಸ್ತಿ ಸುತ್ತಿ ಬಂದ ಸದ್ದು ಸುಮಾರು 6 ಮಿಲಿಸೆಕೆಂಡ್ ತಡವಾಗಿ ಕಿವಿ ಮುಟ್ಟುತ್ತದೆ. ಅದರ ಹಿಂದೆ ಇನ್ನೊಂದು, ಮತ್ತೊಂದು. ಮಾತಿನ ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ. ಅಂಗಡಿಯವರು ನ್ಯಾನೊಸೆಕೆಂಡ್ ಸರಿ ಮಾಡುತ್ತೇನೆ ಅಂತ 14,000 ಕೇಳಿದರು, ನಿಮ್ಮ ನೆಲ ಮಿಲಿಸೆಕೆಂಡ್ ಲೆಕ್ಕದಲ್ಲಿ ಕೆಡಿಸುತ್ತಿದೆ.

ಮದ್ದು ಮನೆಯಲ್ಲೇ ಇದೆ. ಸ್ಪೀಕರ್‌ಗೂ ನೀವು ಕೂರುವ ಜಾಗಕ್ಕೂ ನಡುವೆ ನೆಲಕ್ಕೆ ದಪ್ಪ ಕೌದಿ ಹಾಸಿ, ಬೇಕಾದರೆ ಎರಡು ಮಡಿಕೆ. ಕಿಟಕಿಗೆ ತೆಳು ಪರದೆ ಇದ್ದರೆ ದಪ್ಪದ್ದು ಹಾಕಿಸಿ. ಬೆನ್ನ ಹಿಂದಿನ ಗೋಡೆಗೆ ನಿಮ್ಮ ಪುಸ್ತಕದ ರ‍್ಯಾಕ್ ಸರಿಸಿದರೆ ಇನ್ನೂ ಒಳ್ಳೆಯದು, ಮಾಸ್ತರ ಮನೆಯಲ್ಲಿ ಪುಸ್ತಕಕ್ಕೆ ಬರವೇ? ಇಷ್ಟು ಮಾಡಿ ಅದೇ ಭಜನೆ ಮತ್ತೆ ಕೇಳಿ. ಮನೆಯವರು "ಕೌದಿ ಹಾಲ್‌ನಲ್ಲಾ?" ಅಂದರೆ ಜಮಖಾನ ತಂದರಾಯಿತು.

ಮಾತು ಅಸ್ಪಷ್ಟ ಆಗಲು ಇನ್ನೆರಡು ಕಾರಣ ಇರಬಹುದು, ಎರಡಕ್ಕೂ ಖರ್ಚಿಲ್ಲ. ರಿಸೀವರ್ ಮೆನುವಿನಲ್ಲಿ ಸ್ಪೀಕರ್ ಸೆಟ್ಟಿಂಗ್ ತೆಗೆದು ನೋಡಿ. ನಿಮ್ಮ ಹತ್ತಿರ ಇರುವುದು ಎರಡೇ ಸ್ಪೀಕರ್, ಆದರೆ ಅಲ್ಲಿ ಸೆಂಟರ್ ಸ್ಪೀಕರ್ "ಇದೆ" ಅಂತ ಇದ್ದರೆ ಸಿನಿಮಾದ ಮಾತೆಲ್ಲ ಇಲ್ಲದ ಸ್ಪೀಕರಿಗೆ ಹೋಗುತ್ತಿರುತ್ತದೆ. "ಇಲ್ಲ" ಅಂತ ಮಾಡಿ, ಮಾತು ಎರಡು ಸ್ಪೀಕರಿಗೂ ಹಂಚಿಕೊಳ್ಳುತ್ತದೆ. ಎರಡನೆಯದು, ಸ್ಪೀಕರ್ ವೈರ್‌ನ ಕೆಂಪು-ಕಪ್ಪು. ಒಂದು ಸ್ಪೀಕರಿಗೆ ಸರಿಯಾಗಿ, ಇನ್ನೊಂದಕ್ಕೆ ಉಲ್ಟಾ ಹಾಕಿದ್ದರೆ ಬೇಸ್ ಸತ್ತು ಸದ್ದು ತೆಳ್ಳಗಾಗುತ್ತದೆ, ಹಾಡುವವರು ನಡುವೆ ನಿಲ್ಲದೆ ಎಲ್ಲೋ ತಲೆ ಸುತ್ತ ತೇಲುತ್ತಾರೆ. ಗೋಡೆಯೊಳಗೆ ಒಂದೇ ಬಣ್ಣದ ವೈರ್ ಎಳೆದಿದ್ದರೆ ಈ ತಪ್ಪು ಗ್ಯಾರಂಟಿ. ಪತ್ತೆಗೆ, ರಿಸೀವರ್ ಕಡೆ ಸ್ಪೀಕರ್ ವೈರ್ ಎರಡೂ ಬಿಚ್ಚಿ, ಗಡಿಯಾರದ 1.5 ವೋಲ್ಟ್ ಸೆಲ್‌ಗೆ ಅರೆಕ್ಷಣ ತಾಗಿಸಿ. ಸೆಲ್‌ನ ಪ್ಲಸ್‌ಗೆ ಕೆಂಪು ತಾಗಿದರೆ ಸ್ಪೀಕರಿನ ದೊಡ್ಡ ಕೋನ್ ಹೊರಗೆ ತಳ್ಳಬೇಕು. ಎರಡೂ ಸ್ಪೀಕರ್ ಒಂದೇ ರೀತಿ ಆಡಬೇಕು.

ವೈರ್ ದಪ್ಪಕ್ಕೆ ಬೆಲೆ ಇರುವುದೂ ಇಲ್ಲೇ. ಸ್ಪೀಕರ್ ವೈರ್ ಡಿಜಿಟಲ್ ಅಲ್ಲ. 10 ಮೀಟರ್ ದೂರಕ್ಕೆ 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹೋಗಿ-ಬಂದು ಸುಮಾರು 0.25 ಓಮ್ ತಡೆ (ರೆಸಿಸ್ಟೆನ್ಸ್) ತೋರಿಸುತ್ತದೆ, 8 ಓಮ್ ಸ್ಪೀಕರಿಗೆ ಅದು ಆಗುತ್ತದೆ. ಅರ್ಧ ಸ್ಕ್ವೇರ್ ಎಂಎಂ ತೆಳು ವೈರ್ ಆದರೆ 0.7 ಓಮ್ ಹತ್ತಿರ, ಅದು ಜಾಸ್ತಿ. ಅಗ್ಗದ ವೈರ್‌ಗಳಲ್ಲಿ ಅಲ್ಯುಮಿನಿಯಂ ಎಳೆಗೆ ತಾಮ್ರದ ಬಣ್ಣ ಹೊಡೆದಂತೆ ಲೇಪನ ಇರುತ್ತದೆ. ಬ್ಲೇಡಿನಿಂದ ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅದೇ.

ಅಂಗಡಿಯಲ್ಲಿ ಚೆನ್ನಾಗಿ ಕೇಳಿಸಿತಲ್ಲ ಅಂತ ಕೇಳುತ್ತೀರಿ. ಕೇಳಿಸಿರಬಹುದು. ಅವರ ಕೋಣೆಯಲ್ಲಿ ಸೋಫಾ, ಕಾರ್ಪೆಟ್ ಇರುತ್ತವೆ. ವಾಲ್ಯೂಮ್ ಒಂದು ಚೂರು ಜಾಸ್ತಿ ಇದ್ದರೆ ಕಿವಿಗೆ ಅದೇ "ಚೆನ್ನಾಗಿದೆ" ಅನ್ನಿಸುತ್ತದೆ, ಇದು ಎಲ್ಲರ ಕಿವಿಯ ಗುಣ. ಬೆಲೆ ಮೊದಲೇ ಹೇಳಿರುತ್ತಾರೆ. ಇನ್ನೂ ಆಸೆ ಇದ್ದರೆ ವಾಪಸ್ ಕೊಡುವ ಮಾತಿನ ಮೇಲೆ ಆ ವೈರ್ ತನ್ನಿ. ಕಟ್ ಆಗದ ಒಂದು ಅಗ್ಗದ ವೈರ್ ಜೊತೆಗೆ ಇಡಿ. ಮಗ ಊರಿಗೆ ಬಂದಾಗ ಅವನು ನಾಣ್ಯ ಚಿಮ್ಮಿ ಹಿಂದೆ ವೈರ್ ಬದಲಿಸಲಿ, ಯಾವುದು ಅಂತ ಚೀಟಿಯಲ್ಲಿ ಬರೆದಿಡಲಿ, ವಾಲ್ಯೂಮ್ ಮುಟ್ಟಬೇಡಿ, ನೀವು ನೋಡದೆ ಕೇಳಿ ಹೇಳಿ. ಹತ್ತು ಸಲ. ಏಳು ಸರಿಯಾದರೆ ಹಿಗ್ಗಬೇಡಿ, ಸುಮ್ನೆ ಊಹೆ ಮಾಡಿದರೂ ಏಳು ಅಥವಾ ಅದಕ್ಕಿಂತ ಜಾಸ್ತಿ ಬರುವ ಸಾಧ್ಯತೆ 17 ಶೇಕಡಾ ಇರುತ್ತದೆ. ಒಂಬತ್ತು ಅಥವಾ ಹತ್ತು ಸರಿಯಾದರೆ ಮಾತಾಡೋಣ, ಊಹೆಯಲ್ಲಿ ಅದು ನೂರಕ್ಕೆ ಒಂದು ಸಲ ಬರುವಂಥದ್ದು.

ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಅದೇ 14,000ದಲ್ಲಿ ಒಂದು ಒಳ್ಳೆ ಸೆಂಟರ್ ಸ್ಪೀಕರ್ ಬರುತ್ತದೆ, ಜೊತೆಗೆ ಜಮಖಾನ, ಪರದೆ. ಸಿನಿಮಾದ ಮಾತು ಆಗ ನಿಜವಾಗಿ ಬದಲಾಗುತ್ತದೆ. ಆದರೆ ಮೇಲಿನ ಬಿಟ್ಟಿ ಕೆಲಸಗಳನ್ನು ಮೊದಲು ಮುಗಿಸಿ, ಆಮೇಲೂ ಬೇಕು ಅನ್ನಿಸಿದರೆ ಮಾತ್ರ.

ಕೊನೆಗೆ ಬಾಣದ ಗುರುತು. ಮಾಮೂಲಿ ಆಪ್ಟಿಕಲ್ ವೈರ್‌ನಲ್ಲಿ ಬೆಳಕು ಯಾವ ಕಡೆಯಿಂದ ಹೋದರೂ ಒಂದೇ, ಆ ಬಾಣ ಬರೀ ಅಲಂಕಾರ. ಬಾಣಕ್ಕೆ ಅರ್ಥ ಇರುವುದು ದೂರಕ್ಕೆ ಎಳೆಯುವ ಆಪ್ಟಿಕಲ್ ಎಚ್‌ಡಿಎಂಐ ವೈರ್‌ನಲ್ಲಿ. ಅದರ ಎರಡು ತುದಿಯೊಳಗೂ ಬೇರೆ ಬೇರೆ ಚಿಪ್ ಇರುತ್ತವೆ, ಸೋರ್ಸ್, ಡಿಸ್‌ಪ್ಲೇ ಅಂತ ಬರೆದಿರುತ್ತಾರೆ. ಅದನ್ನು ಗೋಡೆ ಪೈಪಿನಲ್ಲಿ ಉಲ್ಟಾ ಎಳೆದರೆ ಚಿತ್ರ ಬರುವುದಿಲ್ಲ, ಪೂರ್ತಿ ಹೊರಗೆ ತೆಗೆದು ಮತ್ತೆ ಎಳೆಯಬೇಕು. ಮುಂದೆ ಯಾವಾಗಾದರೂ ಹಾಕಿಸಿದರೆ ಎಲೆಕ್ಟ್ರಿಷಿಯನ್‌ಗೆ ಎಳೆಯುವ ಮುಂಚೆಯೇ ಹೇಳಿಬಿಡಿ.